ನಾಯಿಯ ಮೂಗಿಗೆ ಮನುಷ್ಯರ ಮುಲಾಮು ಬೇಡ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಬಂತೆಂದರೆ ಮಕ್ಕಳು, ವೃದ್ಧರು ಹಾಗೂ ಹೊಲಗದ್ದೆಗಳಲ್ಲಿ ದುಡಿಯುವವರು ಬಿಸಿಲಿನಿಂದ ಹೇಗೆ ಪಾರಾಗಬೇಕೆಂಬ ಸಲಹೆಗಳನ್ನು ತಮ್ಮ ಪತ್ರಿಕೆ ತಪ್ಪದೆ ಪ್ರಕಟಿಸುತ್ತದೆ. ಅದೇ ಬಿಸಿಲಿನಲ್ಲಿ ಬೇಯುವ ಮನೆಯ ನಾಯಿಯ ವಿಷಯವನ್ನು ಒಂದು ಸಣ್ಣ ಸಂಗತಿಯ ನೆಪದಲ್ಲಿ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಕಲಬುರಗಿಯಲ್ಲಿ ಔಷಧ ಅಂಗಡಿ ನಡೆಸುವವನು. ಮಾರ್ಚ್ ಕೊನೆಯಿಂದ ಮುಂಗಾರಿನ ಮೊದಲ ಮಳೆ ಬೀಳುವವರೆಗೆ "ನಾಯಿ ಮೂಗು ಒಣಗ್ಯಾದ್ರಿ, ಹಚ್ಚಲಾಕ ಏನರ ಕೊಡ್ರಿ" ಎಂದು ಕೇಳಿಕೊಂಡು ಬರುವವರು ಒಬ್ಬಿಬ್ಬರಲ್ಲ. ಕೇಳುವವರ ಕಳಕಳಿಯಲ್ಲಿ ದೋಷವಿಲ್ಲ. ಆದರೆ ಅವರ ಕೈಗೆ ಸೇರುವ ಮುಲಾಮು ಒಣಗಿದ ಮೂಗಿಗಿಂತ ಹೆಚ್ಚು ಅಪಾಯಕಾರಿಯಾಗಿರುವುದನ್ನು ಕಂಡೇ ಈ ಮಾತುಗಳನ್ನು ಹೇಳಬೇಕಾಗಿ ಬಂದಿದೆ.

ನಾಯಿಯ ಮೂಗು ಒದ್ದೆಯಾಗಿದ್ದರೆ ಆರೋಗ್ಯ, ಒಣಗಿದ್ದರೆ ಜ್ವರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಇದು ಪೂರ್ತಿ ನಿಜವಲ್ಲ. ಮೂಗಿನ ಒಳಗಿನ ಗ್ರಂಥಿಗಳು ಸ್ರವಿಸುವ ತೆಳುವಾದ ದ್ರವ ಮತ್ತು ನಾಯಿ ಪದೇ ಪದೇ ನಾಲಿಗೆಯಿಂದ ನೆಕ್ಕಿಕೊಳ್ಳುವುದು, ಇವೆರಡರಿಂದ ಮೂಗಿನ ತುದಿ ತೇವವಾಗಿರುತ್ತದೆ. ಆ ತೇವಕ್ಕೆ ವಾಸನೆಯ ಕಣಗಳು ಅಂಟಿಕೊಳ್ಳುವುದರಿಂದ ನಾಯಿಗೆ ವಾಸನೆ ಹಿಡಿಯುವುದು ಸುಲಭವಾಗುತ್ತದೆ. ತೇವ ಆರುತ್ತಾ ಮೂಗಿನ ತುದಿ ತಂಪಾಗಿಯೂ ಉಳಿಯುತ್ತದೆ, ಮತ್ತು ಆ ತಂಪಾದ ತುದಿಯಿಂದ ನಾಯಿ ದೂರದ ವಸ್ತುವಿನ ಮಂದವಾದ ಶಾಖವನ್ನೂ ಗುರುತಿಸಬಲ್ಲದೆಂದು 2020ರಲ್ಲಿ ಸ್ವೀಡನ್ ಮತ್ತು ಹಂಗೇರಿಯ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದಾರೆ. ಹೀಗಿದ್ದರೂ ದಿನದ ಎಲ್ಲ ಹೊತ್ತಿನಲ್ಲೂ ಮೂಗು ಒದ್ದೆಯಾಗಿರಬೇಕೆಂಬ ನಿಯಮವೇನಿಲ್ಲ. ನಿದ್ದೆಯಲ್ಲಿ ನಾಯಿ ಮೂಗು ನೆಕ್ಕುವುದಿಲ್ಲವಾದ್ದರಿಂದ ಎದ್ದ ಹೊತ್ತಿನಲ್ಲಿ ಮೂಗು ಒಣಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಓಡಾಡಿ ನೀರು ಕುಡಿದರೆ ಮತ್ತೆ ಒದ್ದೆಯಾಗುತ್ತದೆ. ಬಿಸಿಲಿನಲ್ಲಿ ಮಲಗಿದ್ದಾಗ, ಏಸಿ ಇರುವ ಕೋಣೆಯಲ್ಲಿ ಅಥವಾ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯುವ ಜಾಗದಲ್ಲಿ ಮಲಗಿದ್ದಾಗಲೂ ಹೀಗೆಯೇ ಆಗುತ್ತದೆ. ವಯಸ್ಸಾದ ನಾಯಿಗಳಲ್ಲಿ ಮೂಗು ಒಣಗುವುದು ಸಾಮಾನ್ಯ. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮುಖದ ತಳಿಗಳ ನಾಲಿಗೆ ಮೂಗಿಗೆ ಸರಿಯಾಗಿ ಎಟುಕದ ಕಾರಣ ಅವುಗಳ ಮೂಗು ಹರೆಯದಲ್ಲೇ ಒಣಗಿ ಬಿರಿಯುವುದುಂಟು.

ನಮ್ಮ ಭಾಗದ ಬೇಸಿಗೆಯಂತೂ ಬೇರೆ ಮಾತೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಪಾದರಸ 42 ಡಿಗ್ರಿ ದಾಟುವುದು ವಿಶೇಷವಲ್ಲ, ಗಾಳಿಯಲ್ಲಿ ತೇವದ ಪಸೆಯೂ ಇರುವುದಿಲ್ಲ. ಈ ಕಾರಣದಿಂದಲೇ ಆ ಎರಡು ತಿಂಗಳು ನಮ್ಮ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ಕಾರವೇ ತನ್ನ ವೇಳಾಪಟ್ಟಿಯನ್ನು ಬದಲಿಸಿಕೊಳ್ಳುವ ಊರಿನಲ್ಲಿ ನಾಯಿಯನ್ನು ಮಾತ್ರ ಎಂದಿನಂತೆ ಬೆಳಿಗ್ಗೆ ಒಂಬತ್ತಕ್ಕೆ ಡಾಂಬರು ರಸ್ತೆಯಲ್ಲಿ ತಿರುಗಾಡಿಸಲು ಕರೆದೊಯ್ಯುವವರಿದ್ದಾರೆ. ಮಾಳಿಗೆಯ ಮೇಲೆ ತಗಡಿನ ನೆರಳಿನಲ್ಲಿ ಸರಪಳಿ ಹಾಕಿ ಕಟ್ಟುವವರೂ ಇದ್ದಾರೆ. ಕಾದ ತಗಡಿನ ಕೆಳಗೆ ಇರುವುದು ನೆರಳಲ್ಲ, ಒಲೆ. ಸೂರ್ಯ ಮೇಲೇರುವ ಮೊದಲು ಮತ್ತು ನೆಲ ಆರಿದ ನಂತರ, ರಾತ್ರಿಯ ಹೊತ್ತಾದರೂ ಸರಿ, ನಾಯಿಯನ್ನು ಹೊರಗೆ ಕರೆದೊಯ್ಯಬೇಕು. ಹಗಲಿನಲ್ಲಿ ಅದಕ್ಕೆ ಮನೆಯೊಳಗೆ ಜಾಗ ಕೊಡಬೇಕು. ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು ಇಂತಹ ಹೊತ್ತಿಗೆ ದೊಡ್ಡ ಉಪಕಾರ. ಬಚ್ಚಲಿನ ಬಾಗಿಲ ಬಳಿ ಒಂದಿಷ್ಟು ಒದ್ದೆ ಮಾಡಿಟ್ಟರೆ ನಾಯಿ ತಾನಾಗಿಯೇ ಅಲ್ಲಿ ಹೋಗಿ ಹೊಟ್ಟೆಯೂರಿ ಮಲಗುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಮೂಗಿನ ಆರೈಕೆ ಮೊದಲಾಗುವುದು ನೀರಿನ ಬೋಗುಣಿಯಿಂದ. ಸಾಮಾನ್ಯವಾಗಿ ನಾಯಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕಾಗುತ್ತದೆ. ಅಂದರೆ 20 ಕಿಲೋ ತೂಗುವ ನಾಯಿಗೆ ಒಂದು ಲೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚು. ಬೇಸಿಗೆಯಲ್ಲಿ ಇದು ಇನ್ನಷ್ಟು ಏರುತ್ತದೆ. ಬಿಸಿಲಿನಲ್ಲಿಟ್ಟ ಸ್ಟೀಲ್ ಬೋಗುಣಿಯ ನೀರು ಮಧ್ಯಾಹ್ನದ ಹೊತ್ತಿಗೆ ಬಾಯಿಗಿಡಲಾಗದಷ್ಟು ಬಿಸಿಯಾಗುವುದರಿಂದ ಮಣ್ಣಿನ ಅಗಲ ಪಾತ್ರೆಯಲ್ಲಿ, ನೆರಳಿರುವ ಎರಡು ಕಡೆ ನೀರಿಟ್ಟು ದಿನಕ್ಕೆ ಹಲವು ಬಾರಿ ಬದಲಿಸುವುದು ಒಳ್ಳೆಯದು. ಗೀರುಬಿದ್ದ ಹಳೆಯ ಪ್ಲಾಸ್ಟಿಕ್ ಪಾತ್ರೆಗಳನ್ನು ಬಳಸದಿರುವುದೇ ಲೇಸು. ಕೆಲವು ನಾಯಿಗಳಿಗೆ ಪ್ಲಾಸ್ಟಿಕ್ ತಾಗಿದ ಕಡೆ ಮೂಗು, ತುಟಿ ಕೆರಳುತ್ತವೆ. ಒಣ ರೊಟ್ಟಿಯನ್ನು ಹಾಗೆಯೇ ಎಸೆಯುವ ಬದಲು ನೀರಿನಲ್ಲಿ ನೆನೆಸಿ ಕೊಟ್ಟರೆ ಹೊಟ್ಟೆಗೆ ಅಷ್ಟು ನೀರು ಹೆಚ್ಚಾಗಿ ಸೇರುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಬೇಳೆ ಅಥವಾ ಪಲ್ಯವನ್ನು ಆ ರೊಟ್ಟಿಗೆ ಕಲಸಬಾರದು. ಇವೆರಡೂ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ.

ನೀರಿನ ಕೊರತೆಯಾಗಿದೆಯೇ ಎಂದು ತಿಳಿಯಲು ಮೂಗಿಗಿಂತ ವಸಡು ಹೆಚ್ಚು ನಂಬಬಹುದಾದ ಸಾಕ್ಷಿ. ತುಟಿಯನ್ನು ಮೆಲ್ಲಗೆ ಮೇಲೆತ್ತಿ ಬೆರಳು ತಾಗಿಸಿದರೆ ಆರೋಗ್ಯವಂತ ನಾಯಿಯ ವಸಡು ಜಾರುವಷ್ಟು ಒದ್ದೆಯಾಗಿರುತ್ತದೆ. ನೀರು ಸಾಲದಿದ್ದರೆ ಅಂಟಂಟಾಗಿರುತ್ತದೆ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಭುಜದ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟಾಗ ಅದು ಕೂಡಲೇ ಮೊದಲಿನಂತಾಗಬೇಕು. ನಿಧಾನವಾಗಿ ಇಳಿದರೆ ವೈದ್ಯರನ್ನು ಕಾಣುವ ಹೊತ್ತಾಯಿತೆಂದೇ ಅರ್ಥ. ನಾಯಿ ವಿಪರೀತ ಏದುಸಿರು ಬಿಡುತ್ತಾ, ದಪ್ಪ ಜೊಲ್ಲು ಸುರಿಸುತ್ತಾ, ವಸಡು ಕಡುಗೆಂಪಾಗಿ ತೂರಾಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ಆಗ ಮೂಗಿನ ಯೋಚನೆ ಬಿಟ್ಟು ಮೈಮೇಲೆ ಸಾಧಾರಣ ತಣ್ಣೀರು ಸುರಿದು, ಫ್ಯಾನಿನ ಕೆಳಗಿರಿಸಿ, ಹಾಗೆಯೇ ವಾಹನದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಬೇಕು.

ನಾಯಿ ಚೆನ್ನಾಗಿ ತಿಂದುಂಡು ಆಡಿಕೊಂಡಿದ್ದು, ಮೂಗಿನ ತುದಿ ಮಾತ್ರ ಒರಟಾಗಿ, ಅಂಚಿನಲ್ಲಿ ಸಣ್ಣ ಹಕ್ಕಳೆ ಕಟ್ಟಿದ್ದರೆ ಮನೆಯಲ್ಲೇ ಉಪಚಾರ ಮಾಡಬಹುದು. ಹಳೆಯ ಧೋತರದ ಮೆತ್ತನೆಯ ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮೂಗಿನ ಹೊಳ್ಳೆಗಳು ಮುಚ್ಚದಂತೆ ತುದಿಯ ಮೇಲೆ ನಾಲ್ಕೈದು ನಿಮಿಷ ಹಿಡಿಯಬೇಕು. ಹಕ್ಕಳೆ ನೆನೆದು ತಾನಾಗಿ ಬಿಟ್ಟುಕೊಂಡಷ್ಟನ್ನು ಒರೆಸಿ ತೆಗೆಯಬೇಕೇ ಹೊರತು ಉಗುರಿನಿಂದ ಕೀಳಬಾರದು, ಕತ್ತರಿಯಂತೂ ಹತ್ತಿರ ಸುಳಿಯಬಾರದು. ಕೆಳಗಿನ ಹಸಿ ಚರ್ಮ ಕಿತ್ತು ಬಂದರೆ ರಕ್ತ ಸುರಿದು ಕೀವಾಗುತ್ತದೆ. ಒಣ ಬಟ್ಟೆಯಿಂದ ಒತ್ತಿ ನೀರನ್ನು ಹೀರಿಸಿದ ಮೇಲೆ ಸುವಾಸನೆ, ಬಣ್ಣ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಗೆ ತಾಗಿಸಿಕೊಂಡು ಮೂಗಿನ ಮೇಲೆ ತೆಳುವಾಗಿ ಸವರಬೇಕು. ಪರಿಮಳ ಬೆರೆಸದ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನೂ ಇದೇ ರೀತಿ, ಅಕ್ಕಿಕಾಳಿನಷ್ಟು ಮಾತ್ರ ಬಳಸಬಹುದು. ಎಣ್ಣೆ ಹಚ್ಚಿದ ಮರುಕ್ಷಣವೇ ನಾಯಿ ಅದನ್ನು ನೆಕ್ಕಿಬಿಡುವುದರಿಂದ ರಾತ್ರಿ ಅದು ತೂಕಡಿಸುವ ಹೊತ್ತಿಗೆ ಹಚ್ಚುವುದು, ಇಲ್ಲವೇ ಹಚ್ಚಿದ ಮೇಲೆ ಐದಾರು ನಿಮಿಷ ಕಿವಿ, ಕುತ್ತಿಗೆ ಕೆರೆಯುತ್ತಾ ಅದರ ಗಮನ ಬೇರೆಡೆ ಸೆಳೆಯುವುದು ಉತ್ತಮ. ದಿನಕ್ಕೆ ಒಂದೆರಡು ಸಲ ಸಾಕು. ವಾರದೊಳಗೆ ಮೂಗು ಮೆತ್ತಗಾಗದಿದ್ದರೆ ಮನೆಯ ಉಪಚಾರ ಅಲ್ಲಿಗೆ ನಿಲ್ಲಬೇಕು.

ಇನ್ನೊಂದು ಎಚ್ಚರಿಕೆ. ನೆಗಡಿಯಾದ ಮಕ್ಕಳ ಮೂಗಿಗೆ ಎಣ್ಣೆ ಬಿಡುವ ರೂಢಿ ಕೆಲವು ಹಿರಿಯರಲ್ಲಿ ಇನ್ನೂ ಇದೆ. ಅದನ್ನು ನಾಯಿಗೂ ಅನ್ವಯಿಸಿ ಹೊಳ್ಳೆಯೊಳಗೆ ಎಣ್ಣೆಯ ಹನಿ ಬಿಡಬಾರದು. ಎಣ್ಣೆ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುವ ಅಪಾಯವಿದೆ. ಹಚ್ಚುವುದೇನಿದ್ದರೂ ಹೊರಗಿನ ಕಪ್ಪು ಚರ್ಮಕ್ಕೆ ಮಾತ್ರ.

ಈಗ ನನ್ನ ಅಂಗಡಿಯ ಕಪಾಟಿನ ಮಾತಿಗೆ ಬರುತ್ತೇನೆ. ಮನುಷ್ಯ ತನ್ನ ಮೂಗಿಗೆ ಹಚ್ಚಿಕೊಂಡ ಮುಲಾಮು ಮೂಗಿನ ಮೇಲೆಯೇ ಉಳಿಯುತ್ತದೆ. ನಾಯಿಯ ಮೂಗಿಗೆ ಹಚ್ಚಿದ್ದೆಲ್ಲವೂ ನೇರ ಅದರ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ತಿನ್ನಿಸಲು ಅಂಜುವ ಯಾವ ವಸ್ತುವನ್ನೂ ಅದರ ಮೂಗಿಗೆ ಹಚ್ಚಬಾರದು. ಈ ಒಂದು ಮಾತನ್ನು ಹಿಡಿದು ನೋಡಿದರೆ ಕಪಾಟಿನ ಬಹುಪಾಲು ಟ್ಯೂಬುಗಳು ಪಟ್ಟಿಯಿಂದ ಹೊರಬೀಳುತ್ತವೆ. ತಲೆನೋವು, ನೆಗಡಿಗೆ ಬಳಸುವ ಬಾಮುಗಳಲ್ಲಿ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಇರುತ್ತವೆ. ಇವು ನಾಯಿಗೆ ವಿಷ, ಅಲ್ಲದೆ ಮನುಷ್ಯನಿಗಿಂತ ಎಷ್ಟೋ ಪಾಲು ಚುರುಕಾದ ಆ ಮೂಗಿಗೆ ಅವುಗಳ ಘಾಟೇ ಒಂದು ಹಿಂಸೆ. ನೋವಿನ ಮುಲಾಮುಗಳಲ್ಲಿರುವ ಮಿಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ ಕುಲಕ್ಕೆ ಸೇರಿದ್ದು. ಮಕ್ಕಳ ಡೈಪರ್ ಕ್ರೀಮು, ಕ್ಯಾಲಮೈನ್ ಲೋಷನ್ನು, ಹಲವು ಸನ್‌ಸ್ಕ್ರೀನ್‌ಗಳು ಮತ್ತು ಕೆಲವು ಆಂಟಿಸೆಪ್ಟಿಕ್ ಕ್ರೀಮುಗಳಲ್ಲಿ ಜಿಂಕ್ ಆಕ್ಸೈಡ್ ಇರುತ್ತದೆ. ಹೊಟ್ಟೆಗೆ ಹೋದರೆ ವಾಂತಿ, ಭೇದಿ ಉಂಟಾಗುತ್ತವೆ, ಪ್ರಮಾಣ ಹೆಚ್ಚಾದರೆ ರಕ್ತಕಣಗಳು ಒಡೆಯುತ್ತವೆ. ಸಕ್ಕರೆಗೆ ಬದಲಾಗಿ ಜೈಲಿಟಾಲ್ ಬೆರೆಸಿದ ಲಿಪ್ ಬಾಮುಗಳಿವೆ. ಜೈಲಿಟಾಲ್ ಅಲ್ಪ ಪ್ರಮಾಣದಲ್ಲೇ ನಾಯಿಯ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಸೋರಿಯಾಸಿಸ್‌ಗೆ ಕೊಡುವ ಕ್ಯಾಲ್ಸಿಪೊಟ್ರಿಯಾಲ್ ಮತ್ತು ಚರ್ಮದ ಕ್ಯಾನ್ಸರಿಗೆ ಬಳಸುವ ಫ್ಲೋರೋಯುರಾಸಿಲ್ ಕ್ರೀಮುಗಳು ಸ್ವಲ್ಪವೇ ಹೊಟ್ಟೆ ಸೇರಿದರೂ ನಾಯಿಯ ಜೀವ ಹೋಗಬಹುದು. ಅವನ್ನು ಮನೆಯವರು ತಮ್ಮ ಕೈಗೆ ಹಚ್ಚಿಕೊಂಡಿದ್ದಾಗ ನಾಯಿ ಆ ಕೈಯನ್ನು ನೆಕ್ಕದಂತೆಯೂ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಕೇಳುವುದು ಸ್ಟಿರಾಯ್ಡ್, ಶಿಲೀಂಧ್ರನಾಶಕ ಮತ್ತು ಆಂಟಿಬಯೋಟಿಕ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಕ್ರೀಮನ್ನು. ತುರಿಕೆ, ಗಜಕರ್ಣ, ಮುಖದ ಕಲೆ ಎಲ್ಲಕ್ಕೂ ಅದೇ ಎಂಬ ಭ್ರಮೆ ಮೊದಲೇ ಇದೆ, ಈಗ ನಾಯಿಯ ಮೂಗೂ ಆ ಪಟ್ಟಿಗೆ ಸೇರಿದೆ. ಸ್ಟಿರಾಯ್ಡ್ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುವುದಲ್ಲದೆ, ಒಳಗಿರುವ ನಿಜವಾದ ರೋಗದ ಗುರುತುಗಳು ತಾತ್ಕಾಲಿಕವಾಗಿ ಮಾಸಿ, ಮುಂದೆ ವೈದ್ಯರಿಗೂ ರೋಗ ಹಿಡಿಯುವುದು ಕಷ್ಟವಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧವಿದು ಎಂಬುದನ್ನು ನನ್ನ ವೃತ್ತಿಬಾಂಧವರು ನೆನಪಿನಲ್ಲಿಡಬೇಕೆಂದು ಇಲ್ಲಿಯೇ ವಿನಂತಿಸುತ್ತೇನೆ. ಇನ್ನು ಸುಣ್ಣ, ಅರಿಶಿಣದ ಲೇಪ ಮತ್ತು ಕಜ್ಜಿ ಹತ್ತಿದ ನಾಯಿಗೆ ಬಳಿಯುವ ಗಾಡಿಯ ಸುಟ್ಟ ಆಯಿಲ್, ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ: ಸುಣ್ಣ ಚರ್ಮವನ್ನು ಸುಡುತ್ತದೆ, ಆಯಿಲ್ ನಾಯಿಯನ್ನು ಕೊಲ್ಲಲೂಬಹುದು.

ಜ್ವರದ ಅನುಮಾನ ಬಂದರೆ ಮೂಗು ಮುಟ್ಟಿ ತೀರ್ಮಾನಿಸುವುದನ್ನು ಬಿಟ್ಟು ನಾಯಿಗೆಂದೇ ಒಂದು ಡಿಜಿಟಲ್ ಥರ್ಮಾಮೀಟರನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ತುದಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಒಬ್ಬರು ನಾಯಿಯ ತಲೆಯನ್ನು ಸಮಾಧಾನದಿಂದ ಹಿಡಿದಿರುವಾಗ ಗುದದ್ವಾರದಲ್ಲಿ ಮೆಲ್ಲಗೆ ಇರಿಸಿ ಬೀಪ್ ಎನ್ನುವವರೆಗೆ ಕಾಯಬೇಕು. ನಾಯಿಯ ದೇಹದ ಸಹಜ ಉಷ್ಣಾಂಶವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ 98.6ರ ಲೆಕ್ಕವನ್ನು ನಾಯಿಗೂ ಹಿಡಿದು, 101 ಕಂಡೊಡನೆ ಗಾಬರಿಯಾಗಿ ಪ್ಯಾರಾಸಿಟಮಾಲ್ ನುಂಗಿಸುವುದು ಬಹಳ ಕಡೆ ನಡೆಯುವ ಅನಾಹುತ. ಪ್ಯಾರಾಸಿಟಮಾಲ್ ನಾಯಿಯ ಯಕೃತ್ತನ್ನು ಹಾಳುಮಾಡಬಲ್ಲದು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಬಿಸಿಲಿನಲ್ಲಿ ಓಡಾಡಿ ಬಂದ ನಾಯಿಯ ಮೈ ಹೇಗೂ ಬಿಸಿಯಾಗಿರುವುದರಿಂದ ಅದು ನೆರಳಿನಲ್ಲಿ ಸಾಕಷ್ಟು ಹೊತ್ತು ವಿಶ್ರಮಿಸಿದ ಮೇಲೆಯೇ ಅಳೆಯಬೇಕು. ಆಗಲೂ 103 ದಾಟಿದರೆ ಫೋನು ಮಾಡಬೇಕಾದದ್ದು ಪಶುವೈದ್ಯರಿಗೆ, ಔಷಧ ಅಂಗಡಿಗಲ್ಲ.

ಮೂಗನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡುವ ಅಭ್ಯಾಸವೂ ಬೇಕು. ಆರೋಗ್ಯವಂತ ಮೂಗಿನ ಚರ್ಮ ಸೀತಾಫಲದ ಸಿಪ್ಪೆಯಂತೆ ಸಣ್ಣ ಸಣ್ಣ ಉಬ್ಬುಗಳಿಂದ ಕೂಡಿರುತ್ತದೆ, ಮತ್ತು ಆ ಉಬ್ಬುಗಳ ವಿನ್ಯಾಸ ಒಂದೊಂದು ನಾಯಿಗೆ ಒಂದೊಂದು ಬಗೆಯಾಗಿರುತ್ತದೆ. ಈ ಉಬ್ಬುಗಳು ಅಳಿಸಿ ಮೂಗು ನುಣುಪಾಗುತ್ತಿದ್ದರೆ, ಕಪ್ಪು ಬಣ್ಣ ಹೋಗಿ ಬೂದಿ ಅಥವಾ ಗುಲಾಬಿಗೆ ತಿರುಗಿ ಜೊತೆಗೆ ಹುಣ್ಣು, ಹಕ್ಕಳೆ ಕಾಣಿಸಿಕೊಂಡರೆ, ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮೇಲೆ ತಿರುಗಿಬೀಳುವ ಲೂಪಸ್ ಅಥವಾ ಪೆಂಫಿಗಸ್ ಇರಬಹುದು. ಲೂಪಸ್ ಬಿಸಿಲಿಗೆ ಕೆರಳುತ್ತದೆಯಾದ್ದರಿಂದ ನಮ್ಮ ಊರುಗಳಲ್ಲಿ ಅದನ್ನು ಬಿಸಿಲಿನ ಬೊಬ್ಬೆ ಎಂದು ತಳ್ಳಿಹಾಕುವ ಸಾಧ್ಯತೆ ಹೆಚ್ಚು. ಲ್ಯಾಬ್ರಡಾರ್ ಮರಿಗೆ ಆರು ತಿಂಗಳಿಂದ ವರ್ಷದೊಳಗೆ ಮೂಗಿನ ಮೇಲೆ ದಪ್ಪ ಒಣ ಪದರ ಕಟ್ಟತೊಡಗಿದರೆ ಅದು ವಂಶಪಾರಂಪರ್ಯದ ತೊಂದರೆಯಾಗಿರಬಹುದು; ಪ್ರಾಣಾಪಾಯವಿಲ್ಲ, ಆದರೆ ಜೀವನಪೂರ್ತಿ ಆರೈಕೆ ಬೇಕು. ಹಸ್ಕಿ ತಳಿಯಲ್ಲಿ ಜಿಂಕ್ ಕೊರತೆಯಿಂದಲೂ ಮೂಗು, ಕಣ್ಣಿನ ಸುತ್ತ ಹಕ್ಕಳೆಯಾಗುವುದುಂಟು. (ಹಿಮದ ನಾಡಿನ ಆ ಪ್ರಾಣಿಯನ್ನು ಕಲಬುರಗಿಯ ಮೇ ತಿಂಗಳಿಗೆ ತಂದು ಕಟ್ಟುವುದು ಎಂತಹ ಪ್ರೀತಿಯೋ ನನಗೆ ಅರ್ಥವಾಗಿಲ್ಲ.) ಮೂಗಿನ ಒಂದೇ ಪಕ್ಕ ಒಣಗಿ, ಅದೇ ಪಕ್ಕದ ಕಣ್ಣಿನಲ್ಲಿ ನೀರು ಬತ್ತಿ ಪಿಸುರು ಕಟ್ಟುತ್ತಿದ್ದರೆ ಮುಖದ ನರಕ್ಕೆ ಪೆಟ್ಟಾಗಿರಬಹುದು, ಕೆಲವೊಮ್ಮೆ ಕಿವಿಯೊಳಗಿನ ಸೋಂಕು ಇದಕ್ಕೆ ಮೂಲವಾಗಿರುತ್ತದೆ.

ಮರಿಗಳ ವಿಷಯದಲ್ಲಿ ಡಿಸ್ಟೆಂಪರ್ ಎಂಬ ವೈರಸ್ ರೋಗವನ್ನು ಮರೆಯುವಂತಿಲ್ಲ. ಜ್ವರ, ಮೂಗು ಮತ್ತು ಕಣ್ಣಿನಿಂದ ದಪ್ಪ ಸ್ರಾವ, ಕೆಮ್ಮು ಕಾಣಿಸಿಕೊಂಡು, ಕೆಲವು ಮರಿಗಳಲ್ಲಿ ಮೂಗಿನ ತುದಿ ಹಾಗೂ ಅಂಗಾಲು ದಪ್ಪಗಾಗಿ ಗಡುಸಾಗುತ್ತವೆ. ಮುಂದೆ ಮೂರ್ಛೆಯೂ ಬರಬಹುದು. ಇದಕ್ಕೆ ಎಣ್ಣೆಯಲ್ಲ, ಲಸಿಕೆಯೇ ರಕ್ಷಣೆ: ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಮೂಗಿನಿಂದ ರಕ್ತ ಬಂದರೆ ಉಣ್ಣಿಗಳಿಂದ ಹರಡುವ ಎರ್ಲಿಕಿಯಾ ಜ್ವರವನ್ನೂ ವೈದ್ಯರು ಶಂಕಿಸುತ್ತಾರೆ. ಬೇಸಿಗೆಯಲ್ಲಿ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಹುಡುಕಿ ತೆಗೆಯುವುದು ಮೂಗು ನೋಡುವಷ್ಟೇ ಮುಖ್ಯ.

ಬೀದಿನಾಯಿಗಳ ಮೂಗಿಗೂ ಎಣ್ಣೆ ಸವರಲು ಹೊರಡುವ ಕರುಣಾಳು ಮಕ್ಕಳಿದ್ದಾರೆ. ಅವರಿಗೆ ನೀರಿನ ಪಾತ್ರೆ ಇಡುವಷ್ಟಕ್ಕೇ ನಿಲ್ಲಿರೆಂದು ಹೇಳಬೇಕು. ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು, ದನಿ ಒಡೆದಿರುವ ನಾಯಿಗೆ ರೇಬೀಸ್ ಇರಬಹುದು, ಅದರ ಬಾಯಿ, ಮೂಗಿನ ಹತ್ತಿರ ಕೈ ಒಯ್ಯಬಾರದು. ಕಚ್ಚಿದರೆ ಅಥವಾ ಗಾಯವನ್ನು ನೆಕ್ಕಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಗೆ ನಮ್ಮ ಭಾಗದಲ್ಲಿ ದಾರಿ ಇಲ್ಲದೇನೂ ಇಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್‌ನ ನಂದಿನಗರದಲ್ಲಿಯೇ ಇದೆ, ಪಶುವೈದ್ಯಕೀಯ ಕಾಲೇಜೂ ಅಲ್ಲಿದೆ. ಸಾಮಾನ್ಯ ತೊಂದರೆಗಳಿಗೆ ತಾಲ್ಲೂಕಿನ ಪಶು ಆಸ್ಪತ್ರೆ ಸಾಕು. ಅದನ್ನು ದನದ ದವಾಖಾನೆ ಎಂದೇ ಕರೆದು ರೂಢಿಯಾಗಿರುವುದರಿಂದ ನಾಯಿಯನ್ನು ಅಲ್ಲಿಗೆ ಕರೆದೊಯ್ಯಲು ಹಿಂಜರಿಯುವವರಿದ್ದಾರೆ, ಹಿಂಜರಿಯಬೇಕಾಗಿಲ್ಲ. ಹೋಗುವ ಮೊದಲು ಎರಡು ಕೆಲಸ ಮಾಡಿದರೆ ವೈದ್ಯರಿಗೆ ಅನುಕೂಲ. ಮೂಗಿಗೆ ಏನನ್ನೂ ಹಚ್ಚದೆ, ಬೆಳಗಿನ ಬೆಳಕಿನಲ್ಲಿ ಮೊಬೈಲಿನಿಂದ ಒಂದೆರಡು ಫೋಟೊ ತೆಗೆದಿಟ್ಟುಕೊಳ್ಳಬೇಕು. ಎಣ್ಣೆಯ ಹೊಳಪಿನಲ್ಲಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ, ಪರೀಕ್ಷೆಗೆ ಚರ್ಮದ ಮಾದರಿ ತೆಗೆಯುವುದಿದ್ದರೂ ಮುಲಾಮು ಅಡ್ಡಿಯಾಗುತ್ತದೆ. ಈವರೆಗೆ ಏನೇನು ಹಚ್ಚಿದ್ದೀರೋ ಆ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ ಸರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಬೇಕು.

ತಮ್ಮ ಪತ್ರಿಕೆಯ ಬೇಸಿಗೆ ಸಲಹೆಗಳ ಅಂಕಣದಲ್ಲಿ ಪಶುವೈದ್ಯರೊಬ್ಬರಿಂದ ಈ ವಿಷಯದ ಮೇಲೆ ನಾಲ್ಕು ಸಾಲು ಬರೆಸಿದರೆ, ಮುಲಾಮು ಕೇಳಿ ಬರುವವರಿಗೆ ಆ ಪುಟವನ್ನು ತೋರಿಸಲು ನಮ್ಮಂತಹ ಅಂಗಡಿಯವರಿಗೂ ಅನುಕೂಲವಾದೀತು.

ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ,
ಬ್ರಹ್ಮಪುರ, ಕಲಬುರಗಿ